ವೃತ್ತಿವಿದ್ಯಾರ್ಥಿಗಳೂ ಕಾಯಕಶೀಲವೂ

 

ವೃತ್ತಿಶಾಲೆಗಳಲ್ಲಿ ಕಲಿಯುವ ಮಕ್ಕಳು ಬಾಳಿನಲ್ಲಿ ಮುಂದೆ ಬರುವುದಕ್ಕೆ ಎಂತಹ ನಡೆಯನ್ನೂ ಮನೋಧರ್ಮವನ್ನೂ ರೂಢಿಸಿಕೊಳ್ಳಬೇಕೆಂಬ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ಪಾಠಶಾಲೆಯಲ್ಲಿ ಶಬ್ದಮಂಜರಿಯನ್ನೂ ಅಮರಕೋಶವನ್ನೂ ಉರುಹಾಕಿದವನಿಗೆ ಲೇಥ್ ಯಂತ್ರದ ಮಾತೇಕೆಂದು ಕೆಲವರು ನಗಬಹುದು. ನಗಲಿ, ಅಭ್ಯಾಸವೆಂಬ ವಸ್ತು ಎರಡು ಕಡೆಯೂ ಒಂದೇ ಆಗಿರುವುದರಿಂದ ನಾನು ಈ ಅಪ್ಪಣೆಯನ್ನು ಶಿರಸಾವಹಿಸಿದೆನು.

ಮಕ್ಕಳಿಗೆ ಹೇಳುವುದಕ್ಕೆ ಮುಂಚೆ ಹಿರಿಯರಿಗೆ ಹೇಳಬೇಕಾದುದುಂಟು. ಮಠಕ್ಕೆ ಬರುವ ತಂದೆಯರನ್ನು ‘ಮಗನು ಏನು ಓದುತ್ತಿರುವನು?’ ಎಂದು ಕೇಳಿದರೆ, ಎಂಜಿನಿಯರಿಂಗ್ ಕಾಲೇಜಿಗೆ ಹೋಗುವವನ ತಂದೆ ನಾಲ್ವರಿಗೆ ಕೇಳುವಂತೆ ಉತ್ತರ ಕೊಡುತ್ತಾನೆ. ಐ.ಟಿ.ಐ.ಗೆ ಹೋಗುವವನ ತಂದೆಯಾದರೋ ‘ಏನು ಮಾಡುವುದು ಶಾಸ್ತ್ರಿಗಳೇ, ಅಂಕ ಬರಲಿಲ್ಲ, ಅಲ್ಲಿಗೆ ಹಾಕಿದೆವು’ ಎಂದು ದನಿ ತಗ್ಗಿಸುತ್ತಾನೆ. ಮಗನು ಪಕ್ಕದಲ್ಲಿಯೇ ನಿಂತಿರುತ್ತಾನೆ! ತಾನು ಕಲಿಯುವ ವಿದ್ಯೆಯು ಸೋತವರ ಪಾಲಿನದೆಂದು ಹೆತ್ತವರ ಬಾಯಿಂದಲೇ ಕೇಳಿದ ಹುಡುಗನಿಗೆ ಶಿಸ್ತು, ಶ್ರದ್ಧೆ, ಸಮಯಪಾಲನೆ ಎಂದು ಯಾರು ಎಷ್ಟು ಉಪನ್ಯಾಸ ಮಾಡಿದರೂ ಅದು ಎಲ್ಲಿ ಇಳಿಯಬೇಕು? ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಇವರೇ ಮೊದಲಾದ ಶರಣರು ತಮ್ಮ ಕಸುಬನ್ನು ಹೆಸರಿನ ಹಿಂದೆ ಮರೆಮಾಡಲಿಲ್ಲ, ಮುಂದೆಯೇ ಇಟ್ಟುಕೊಂಡರು. ಆ ಹೆಸರುಗಳನ್ನು ಪುರಾಣದಲ್ಲಿ ಕೇಳಿ ಕೈಮುಗಿದು, ಮನೆಗೆ ಹೋಗಿ ಮಗನ ಕೈಯ ಮಸಿಯನ್ನು ಕಂಡು ಮೋರೆ ಸಿಂಡರಿಸುವುದು ಎಲ್ಲಿಯ ಭಕ್ತಿಯೋ ನಾನರಿಯೆನು.

ಈ ದಾವಣಗೆರೆಗಂತೂ ಹಾಗೆ ಮೋರೆ ಸಿಂಡರಿಸುವ ಹಕ್ಕೇ ಇಲ್ಲ. ಹತ್ತಿಯ ಗಿರಣಿಗಳಿಂದ ಬೆಳೆದು, ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೊಗಳಿಸಿಕೊಂಡ ಊರಿದು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪಿತವಾಗಿ, ಅಲ್ಲಿ ತಯಾರಾದ ಲೇಥ್‌ಗಳು ದೇಶದಲ್ಲೆಲ್ಲ ಹೆಸರು ಪಡೆದವು. ಆ ಮನೆತನದ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು; ಮುಂಬಯಿಯಲ್ಲಿ ಚಿತ್ರಲೇಖನದ ಉಪಾಧ್ಯಾಯರಾಗಿದ್ದು, ಆಮೇಲೆ ಬೆಳಗಾವಿಯಲ್ಲಿ ಬೈಸಿಕಲ್ ಅಂಗಡಿಯಿಟ್ಟು, ಕಬ್ಬಿಣದ ನೇಗಿಲು ಮಾಡಲು ಹೊರಟವರು. ಕಬ್ಬಿಣವು ಭೂಮಿಗೆ ವಿಷವೆಂದು ರೈತರು ಹೆದರಿದುದರಿಂದ ಮೊದಲ ನೇಗಿಲುಗಳು ಬಹುಕಾಲ ಮಾರಾಟವಾಗದೆ ಉಳಿದುವು. ಅವರು ರೈತರನ್ನು ಬೈಯಲೂ ಇಲ್ಲ, ನೇಗಿಲನ್ನು ಬಿಡಲೂ ಇಲ್ಲ. ತಾಳ್ಮೆಯೆಂಬ ಗುಣಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲವೆಂದು ಇದನ್ನು ಹೇಳಿದೆನು.

ಆದರೆ ಇನ್ನರ್ಧ ಕಥೆಯನ್ನು ಮುಚ್ಚಿಡುವುದು ಸರಿಯಲ್ಲ. ದಾವಣಗೆರೆಯ ದೊಡ್ಡ ಗಿರಣಿಗಳು ಒಂದೊಂದಾಗಿ ನಿಂತುಹೋದುವು. ಹರಿಹರದ ಆ ಕಾರ್ಖಾನೆಯೂ ಈ ಶತಮಾನದ ಆರಂಭದ ವರ್ಷಗಳಲ್ಲಿ ಬಾಗಿಲು ಮುಚ್ಚಿತು. ಹೊತ್ತಿಗೆ ಸರಿಯಾಗಿ ಹೋಗಿ, ಅಳತೆ ತಪ್ಪದೆ ದುಡಿದವರೂ ಅಂದು ಸಂಬಳ ಕಳೆದುಕೊಂಡರು. ಆದುದರಿಂದ, ‘ಒಳ್ಳೆಯ ಅಭ್ಯಾಸವಿದ್ದರೆ ಕೆಲಸ ಸಿಕ್ಕಿಯೇ ತೀರುವುದು’ ಎಂದು ನಾನು ಈ ಮಕ್ಕಳಿಗೆ ಆಣೆಯಿಟ್ಟು ಹೇಳಲಾರೆ. ಕಾರ್ಖಾನೆಯನ್ನು ನಡೆಸುವುದೂ ನಿಲ್ಲಿಸುವುದೂ ಕೆಲಸಗಾರನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ಅವನ ಕೈಯೊಂದೇ. ಅದು ಪಳಗಿದ್ದರೆ ಬೇರೊಂದು ಊರಿನಲ್ಲಿ, ಬೇರೊಂದು ಯಂತ್ರದ ಮುಂದೆ, ಅಥವಾ ಸ್ವಂತದ ಸಣ್ಣ ವರ್ಕ್‌ಷಾಪಿನಲ್ಲಿ ಮತ್ತೆ ನಿಲ್ಲುವುದಕ್ಕೆ ಆಧಾರವಿರುತ್ತದೆ. ಇಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆನು.

ಈಗ ಆ ಪಳಗಿಸುವಿಕೆ ಹೇಗೆಂಬುದನ್ನು ನೋಡೋಣ. ಫಿಟ್ಟರ್ ವಿದ್ಯೆಗೆ ಸೇರಿದ ಹುಡುಗನಿಗೆ ಮೊದಮೊದಲು ಕೊಡುವುದು ದೊಡ್ಡ ಯಂತ್ರವನ್ನಲ್ಲ. ಒಂದು ಕಬ್ಬಿಣದ ತುಂಡು, ಒಂದು ಅರ. ಅದನ್ನು ಉಜ್ಜಿ ಉಜ್ಜಿ ಸಮತಟ್ಟು ಮಾಡಬೇಕು. ಮೂಲೆಮಟ್ಟವನ್ನಿಟ್ಟು ಬೆಳಕಿಗೆ ಹಿಡಿದರೆ ನಡುವೆ ಬೆಳಕು ನುಸುಳಬಾರದು. ತೋಳು ನೋಯುತ್ತದೆ, ಬೇಸರ ಬರುತ್ತದೆ, ‘ಇದನ್ನೆಲ್ಲ ಯಂತ್ರವು ಕ್ಷಣದಲ್ಲಿ ಮಾಡುವುದಲ್ಲ!’ ಎಂದು ಹುಡುಗನು ಗೊಣಗುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ಆದರೆ ಅಲ್ಲಿ ತಯಾರಾಗುತ್ತಿರುವುದು ಕಬ್ಬಿಣದ ತುಂಡಲ್ಲ, ಅವನ ಕಣ್ಣು. ನಮ್ಮ ಪಾಠಶಾಲೆಯಲ್ಲಿಯೂ ಹೊಸ ಪಾಠಕ್ಕೆ ಮುಂಚೆ ನಿನ್ನೆಯ ಪಾಠವನ್ನು ಒಪ್ಪಿಸಬೇಕಾಗಿತ್ತು. ಒಂದು ವಿಭಕ್ತಿ ತಪ್ಪಿದರೆ ಗುರುಗಳು ಬೈಯುತ್ತಿರಲಿಲ್ಲ, ಪುಸ್ತಕವನ್ನು ಮುಚ್ಚಿ ‘ನಾಳೆ’ ಎನ್ನುತ್ತಿದ್ದರು. ಆ ‘ನಾಳೆ’ ಎಂಬ ಮಾತಿಗೆ ನಾವು ಬೆತ್ತಕ್ಕಿಂತ ಹೆಚ್ಚಾಗಿ ಅಂಜುತ್ತಿದ್ದೆವು.

ಕೆಲವು ಅಭ್ಯಾಸಗಳು ಪ್ರಾಣಕ್ಕೆ ಸಂಬಂಧಪಟ್ಟವು. ಲೇಥಿನ ಚಕ್ಕಿಗೆ ಕೀಲಿಯನ್ನು ಹಾಕಿ ತಿರುಗಿಸಿದ ಮೇಲೆ, ಕೀಲಿಯನ್ನು ತೆಗೆಯದೆ ಯಂತ್ರವನ್ನು ನಡೆಸಿದರೆ ಅದು ಬಾಣದಂತೆ ಹಾರಿ ಎದುರಿಗಿದ್ದವನಿಗೆ ಬಡಿಯುವುದು. ಕೀಲಿ ಚಕ್ಕಿನಲ್ಲಿರುವಷ್ಟು ಹೊತ್ತು ಕೈ ಅದನ್ನು ಬಿಡಬಾರದೆಂಬುದೇ ಅಲ್ಲಿಯ ನಿಯಮ. ಸಡಿಲವಾದ ತೋಳಿನ ಅಂಗಿ, ಬೆರಳಿನ ಉಂಗುರ, ಕೊರಳಿನ ಸರ ತಿರುಗುವ ಯಂತ್ರದ ಮುಂದೆ ಕೂಡದು. ಶಿವದಾರವನ್ನು ಧರಿಸಿದ ಮಕ್ಕಳು ಅದನ್ನು ಅಂಗಿಯೊಳಗೆ ಭದ್ರಪಡಿಸಿಕೊಂಡೇ ಯಂತ್ರದ ಬಳಿಗೆ ಹೋಗಬೇಕೆಂದು ಇಲ್ಲಿಯೇ ಹೇಳಿಬಿಡುವೆನು. ಇದರಿಂದ ಆಚಾರಕ್ಕೆ ಯಾವ ಲೋಪವೂ ಇಲ್ಲ. ಇಂತಹ ನಿಯಮಗಳನ್ನು ಪರೀಕ್ಷೆಗಾಗಿ ಬರೆದು ಕಲಿತರೆ ಸಾಲದು, ಮರೆತರೂ ಕೈ ಮರೆಯದಂತೆ ಕಲಿಯಬೇಕು.

ಅಳತೆಯ ವಿಷಯವೂ ಹಾಗೆಯೇ. ಮೈಕ್ರೋಮೀಟರ್ ಎಂಬ ಸಾಧನವು ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ತೋರಿಸುತ್ತದೆ. ಟರ್ನರ್ ಹುಡುಗನು ಕಡಿಮೆ ಕಡಿದಿದ್ದರೆ ಇನ್ನಷ್ಟು ಕಡಿಯಬಹುದು. ಹೆಚ್ಚು ಕಡಿದರೆ ಮತ್ತೆ ಅಂಟಿಸಲಾಗದು. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಗಂಡನಾದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಿನ ಅಕ್ಕಿಯನ್ನು ತಂದಾಗ ಆ ತಾಯಿ ಅದನ್ನು ಒಳಗೆ ಸೇರಿಸದೆ ಹಿಂದಕ್ಕೆ ಕಳುಹಿಸಿದಳು. ಯಾರು ನೋಡದಿದ್ದರೂ ಅಳತೆಯನ್ನು ಮೀರಬಾರದೆಂಬ ಆ ಮನಸ್ಸೇ ವರ್ಕ್‌ಷಾಪಿನಲ್ಲಿ ಬೇಕಾದುದು. ತುಂಡು ಕೆಟ್ಟಾಗ ಅದನ್ನು ಗುಜರಿಯೊಳಗೆ ಅಡಗಿಸದೆ ‘ಸರ್, ಕೆಟ್ಟಿತು’ ಎಂದು ಹೇಳುವ ಹುಡುಗನನ್ನು ಮೇಸ್ತ್ರಿಯು ಮೊದಲ ದಿನ ಗದರಿದರೂ ಆಮೇಲೆ ಬೆಲೆಯುಳ್ಳ ಕೆಲಸವನ್ನು ಅವನಿಗೇ ಕೊಡುತ್ತಾನೆ. ಈಗ ಗಣಕದ ಆಜ್ಞೆಯಂತೆ ನಡೆಯುವ ಯಂತ್ರಗಳು ಬಂದಿವೆ. ಅವು ತಪ್ಪು ಅಂಕಿಯನ್ನು ಕೊಟ್ಟರೆ ತಪ್ಪಾದ ತುಂಡನ್ನೇ ಬಹು ನಿಷ್ಠೆಯಿಂದ ಕೊರೆದುಕೊಡುತ್ತವೆ. ಕಣ್ಣು ಪಳಗಿದವನಿಗಲ್ಲದೆ ಅದು ತಿಳಿಯದು.

ಸಮಯಪಾಲನೆಯ ವಿಷಯದಲ್ಲಿ ಉಪಾಧ್ಯಾಯರು ಸ್ವಲ್ಪ ವಿವೇಚಿಸಬೇಕು. ಜಗಳೂರಿನ ಕಡೆಯ ಹಳ್ಳಿಯಿಂದ ಬರುವವನು ಬಸ್ಸು ತಪ್ಪಿ ತಡವಾದರೆ ಸೋಮಾರಿಯೆನ್ನುವುದು ಸುಲಭ. ಅವನು ಎದ್ದು ಎಮ್ಮೆ ಕರೆದು ಬಂದಿರಲೂಬಹುದು. ಊರಿನಲ್ಲಿಯೇ ಇದ್ದು ತಡವಾಗಿ ಬರುವವನನ್ನೂ ಅವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಈ ಮಾರ್ಗ ನಮಗೆ ಹೊಸತಲ್ಲ. ಹರ್ಡೇಕರ್ ಮಂಜಪ್ಪನವರು 1906ರಲ್ಲಿ ದಾವಣಗೆರೆಗೆ ಬಂದು ‘ಧನುರ್ಧಾರಿ’ ಪತ್ರಿಕೆಯನ್ನು ಹೊರಡಿಸಿದರು. ಇಲ್ಲಿಯ ವಿರಕ್ತಮಠದ ಮೃತ್ಯುಂಜಯ ಅಪ್ಪಗಳೊಡನೆ 1913ರಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿಯನ್ನು ತೊಡಗಿಸಿದರು. ಅನಂತರ ಹರಿಹರದಲ್ಲಿ ತುಂಗಭದ್ರೆಯ ದಡದಲ್ಲಿ ಆಶ್ರಮವನ್ನು ಕಟ್ಟಿ, ಮುಂದೆ ಆಲಮಟ್ಟಿಯಲ್ಲಿ ವಿದ್ಯಾಲಯವನ್ನು ನಡೆಸಿ, 1947ರಲ್ಲಿ ಲಿಂಗೈಕ್ಯರಾಗುವವರೆಗೂ ಓದಿನೊಡನೆ ಕೈದುಡಿಮೆಯನ್ನು ಸೇರಿಸಬೇಕೆಂಬ ಹಟವನ್ನು ಅವರು ಬಿಡಲಿಲ್ಲ. ಜಯಂತಿಯನ್ನು ನಾವು ಉಳಿಸಿಕೊಂಡೆವು. ಕೈದುಡಿಮೆಯನ್ನು ಅಷ್ಟಾಗಿ ಉಳಿಸಿಕೊಳ್ಳಲಿಲ್ಲ.

ಆದಕಾರಣ ಶ್ರೀಮಠದಲ್ಲಿ ನನ್ನ ವಿಜ್ಞಾಪನೆ ಇಷ್ಟು. ಪ್ರಸಾದನಿಲಯದಲ್ಲಿ ಕಾಲೇಜಿನ ಮಕ್ಕಳಿಗೆ ಕೊಡುವ ಸ್ಥಳವನ್ನು ವೃತ್ತಿಶಾಲೆಯ ಮಕ್ಕಳಿಗೂ ಸಮನಾಗಿ ಕೊಡಬೇಕು. ಪಂಕ್ತಿಯಲ್ಲಿ ಅವರನ್ನು ಬೇರೆ ಕೂರಿಸುವ ಸಂದರ್ಭ ಬಾರದಿರಲಿ. ತಂದೆತಾಯಿಗಳು ವರ್ಷಕ್ಕೊಮ್ಮೆಯಾದರೂ ಮಗನ ವರ್ಕ್‌ಷಾಪಿಗೆ ಹೋಗಿ, ಅವನು ಅರದಿಂದ ಉಜ್ಜಿದ ತುಂಡನ್ನು ಕೈಯಲ್ಲಿ ಹಿಡಿದು ನೋಡಬೇಕು. ಬರುವ ಜಾತ್ರೆಗೆ ಮುಂಚೆ ತೇರಿನ ಗಾಲಿಗಳ ಕಬ್ಬಿಣದ ಪಟ್ಟಿಯನ್ನೂ ಅಚ್ಚನ್ನೂ ಪರೀಕ್ಷಿಸುವ ಕೆಲಸವನ್ನು ಈ ಮಕ್ಕಳಿಗೆ, ಅವರ ಉಪಾಧ್ಯಾಯರ ಮೇಲ್ವಿಚಾರಣೆಯಲ್ಲಿ, ಒಪ್ಪಿಸೋಣವಾಗಲಿ. ಅವರು ಅಳೆದು ಬರೆದುಕೊಟ್ಟ ಪಟ್ಟಿಯನ್ನು ಶ್ರೀಗಳವರು ನೋಡಿದ ಮೇಲೆಯೇ ತೇರಿಗೆ ಹಗ್ಗ ಕಟ್ಟುವಂತೆ ಅಪ್ಪಣೆ ಕೊಡಿಸಬೇಕೆಂದು ಪ್ರಾರ್ಥಿಸುತ್ತೇನೆ.