ಮಗ್ರಿಬ್‌ನಿಂದ ಇಶಾವರೆಗೆ ಫೋನ್ ಕೆಳಗಿಡೋಣ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬಂದಿರುವ ದಾನಿಗಳೇ, ತಾಯ್ತಂದೆಯರೇ, ಪ್ರೀತಿಯ ಮಕ್ಕಳೇ,

ವರ್ಷದ ಜಮಾ ಖರ್ಚು ನಿಮ್ಮ ಕೈಯಲ್ಲಿರುವ ವರದಿಯಲ್ಲಿದೆ. ಲೆಕ್ಕದ ಪುಟದಲ್ಲಿ ಕಾಣದ ಒಂದು ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇವೆ.

ಕಳೆದ ವರ್ಷ ವಿದ್ಯಾರ್ಥಿವೇತನದ ಪ್ರಕಟಣೆಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಎಲ್ಲರಿಗೂ ತಲುಪಿತು ಎಂದುಕೊಂಡೆವು. ಕೊನೆಯ ದಿನಾಂಕ ಕಳೆದ ನಾಲ್ಕು ದಿನಕ್ಕೆ ಹೊಸದುರ್ಗ ತಾಲ್ಲೂಕಿನ ಒಬ್ಬ ತಾಯಿ ಅರ್ಜಿ ಹಿಡಿದುಕೊಂಡು ಬಂದರು. ಮಗಳು ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಅವರ ಫೋನ್ ತೆಗೆದು ನೋಡಿದೆವು. ನಮ್ಮ ಪ್ರಕಟಣೆ ಅದರಲ್ಲಿತ್ತು. ಅದರ ನಂತರ ಜುಮಾ ಮುಬಾರಕ್‌ನ ಹೂವಿನ ಚಿತ್ರಗಳು, ಯಾವುದೋ ಊರಿನ ಜಗಳದ ವಿಡಿಯೊ, ಸಕ್ಕರೆ ಕಾಯಿಲೆಗೆ ಮನೆಮದ್ದು, ಅರ್ಧ ಸುಳ್ಳಿನ ಸುದ್ದಿಗಳು ಸಾಲುಸಾಲಾಗಿ ಬಂದಿದ್ದವು. ಅವುಗಳಲ್ಲಿ ಕೆಲವನ್ನು ಕಳಿಸಿದವರು ನಮ್ಮ ಸಮಿತಿಯವರೇ. "ಓದೋದು ಬಿಟ್ಟಿದ್ದೀನಿ ಸಾಹೇಬ್ರೆ, ಸುಮ್ನೆ ಬೆರಳಲ್ಲಿ ತಳ್ತಾ ಇರ್ತೀನಿ" ಎಂದರು ಆ ತಾಯಿ. ಅಷ್ಟರಲ್ಲಿ ಪಟ್ಟಿ ಮುಗಿದು ಹಣ ಹಂಚಿಯಾಗಿತ್ತು. ಅವರು ಕಿವಿಯ ಓಲೆ ಅಡವಿಟ್ಟು ಶುಲ್ಕ ಕಟ್ಟಿದರು.

ದಾನಿಗಳು ಕೊಟ್ಟ ಹಣ ನಮ್ಮ ಬಳಿ ಅಮಾನತ್ತು. ಮಕ್ಕಳ ಗಮನವೂ ಹಾಗೆಯೇ ಎಂಬುದು ಅಂದು ನಮಗೆ ತಿಳಿಯಿತು. ಆದ್ದರಿಂದ ಈ ಮಾತು.

ಬೆರಳಿನಲ್ಲಿ ತಳ್ಳುತ್ತಲೇ ಇರುವ ಅಭ್ಯಾಸ ತಾನಾಗಿ ಬಂದದ್ದಲ್ಲ. ಪುಸ್ತಕಕ್ಕೆ ಕೊನೆಯ ಪುಟವಿದೆ, ಪತ್ರಿಕೆಗೂ ಇದೆ. ಎಷ್ಟು ತಳ್ಳಿದರೂ ಮುಗಿಯದ ಪರದೆಯನ್ನು 2006ರಲ್ಲಿ ರೂಪಿಸಿದವರು ಅಮೆರಿಕದ ಏಜಾ ರಾಸ್ಕಿನ್. ತಾವು ಮಾಡಿದ್ದಕ್ಕೆ ಮುಂದೆ ಅವರೇ ವಿಷಾದಪಟ್ಟರು. 2009ರಲ್ಲಿ ಫೇಸ್‌ಬುಕ್‌ಗೆ ಲೈಕ್ ಗುಂಡಿ ಬಂತು. ನಾವು ಹೆಚ್ಚು ಹೊತ್ತು ನೋಡಿದಷ್ಟೂ ಹೆಚ್ಚು ಜಾಹೀರಾತು, ಹೆಚ್ಚು ಆದಾಯ. ಮಕ್ಕಳನ್ನು ಬೈಯುವ ಮೊದಲು ಇದನ್ನು ನೆನಪಿಡಬೇಕು. ಜಗತ್ತಿನ ಜಾಣ ಎಂಜಿನಿಯರುಗಳು ಹೆಣೆದ ಬಲೆಯೆದುರು ಹದಿನೈದು ವರ್ಷದ ಹುಡುಗನನ್ನು ಒಂಟಿಯಾಗಿ ನಿಲ್ಲಿಸಿ, "ನಿನಗೆ ಮನಸ್ಸು ಗಟ್ಟಿಯಿಲ್ಲ" ಎನ್ನುವುದು ನ್ಯಾಯವಲ್ಲ.

ಬಿಟ್ಟರೆ ಏನಾದರೂ ಪ್ರಯೋಜನ ಇದೆಯೇ ಎಂದು ಕೇಳುವಿರಿ. 2018ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರು ಸಾವಿರಾರು ಜನರನ್ನು ಸೇರಿಸಿ, ಅವರಲ್ಲಿ ಒಂದು ಗುಂಪಿಗೆ ಹಣ ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದರು. ದಿನಕ್ಕೆ ಸರಾಸರಿ ಒಂದು ಗಂಟೆ ಉಳಿಯಿತು. ಆ ಸಮಯ ಮನೆಯವರ, ಗೆಳೆಯರ ಜೊತೆಗೂ ಹೋಯಿತು, ಟಿ.ವಿ.ಗೂ ಹೋಯಿತು. ಮನಸ್ಸಿನ ನೆಮ್ಮದಿ ಹೆಚ್ಚಿತು, ಆದರೆ ಸ್ವಲ್ಪವೇ. ಸುದ್ದಿಯ ತಿಳಿವಳಿಕೆ ಕಡಿಮೆಯಾಯಿತು. ನಾಲ್ಕು ವಾರ ಮುಗಿದ ಮೇಲೂ ಅನೇಕರು ಮೊದಲಿಗಿಂತ ಕಡಿಮೆ ಬಳಸಿದರು. ಪವಾಡವೇನೂ ಆಗಲಿಲ್ಲ, ಒಂದು ಗಂಟೆ ಸಿಕ್ಕಿತು ಅಷ್ಟೆ. ಪರೀಕ್ಷೆಗೆ ಓದುವ ಮಗುವಿಗೆ ದಿನಕ್ಕೊಂದು ಗಂಟೆ ಎಂದರೆ ಎಷ್ಟು ದೊಡ್ಡದೆಂದು ನಿಮಗೆ ಹೇಳಬೇಕಾಗಿಲ್ಲ.

ಒಬ್ಬರೇ ಬಿಡುವುದು ಕಷ್ಟ, ಊರೇ ಬಿಟ್ಟರೆ ಸುಲಭ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರ ಆಗಸ್ಟ್ 15ರಿಂದ ಸಂಜೆ 7ಕ್ಕೆ ಸೈರನ್ ಕೂಗುತ್ತದೆ. ಒಂದೂವರೆ ಗಂಟೆ ಟಿ.ವಿ., ಮೊಬೈಲ್ ಬಂದ್. ಅದೇ ಜಿಲ್ಲೆಯ ಅಗ್ರಣ್ ಧುಳಗಾಂವ್ ಕೂಡ ಇಂಥದ್ದೇ ದಾರಿ ಹಿಡಿಯಿತು. ಅದನ್ನು ನೋಡಿ ನಮ್ಮ ಬೆಳಗಾವಿಯ ಹಲಗಾ, ಅಂದರೆ ಸುವರ್ಣ ವಿಧಾನಸೌಧದ ಪಕ್ಕದ ಹಳ್ಳಿ, 2025ರ ಡಿಸೆಂಬರಿನಲ್ಲಿ ಸಂಜೆ 7ರಿಂದ 9ರವರೆಗೆ ಹೀಗೆಯೇ ಆರಂಭಿಸಿತು. ಆ ಊರುಗಳು ಅರ್ಥ ಮಾಡಿಕೊಂಡದ್ದು ಒಂದೇ: ಅಪ್ಪ ಅಮ್ಮ ಸೀರಿಯಲ್ಲು, ರೀಲ್ಸು ನೋಡುತ್ತ ಮಕ್ಕಳಿಗೆ "ಓದು" ಎಂದರೆ ನಡೆಯುವುದಿಲ್ಲ.

ನಮಗೆ ಸೈರನ್ ಬೇಕಾಗಿಲ್ಲ, ಅಜಾನ್ ಇದೆ. ಮಗ್ರಿಬ್‌ನಿಂದ ಇಶಾವರೆಗೆ ಒಂದು ಗಂಟೆಗೂ ಸ್ವಲ್ಪ ಹೆಚ್ಚು ಸಮಯ. ದೀಪ ಹಚ್ಚಿ ಮಕ್ಕಳನ್ನು ಓದಲು ಕೂರಿಸುವ ಹೊತ್ತೆಂದು ನಮ್ಮ ಹಿರಿಯರು ಇಟ್ಟುಕೊಂಡಿದ್ದ ಹೊತ್ತದು. ಗದ್ದಲದಿಂದ ಹಿಂದೆ ಸರಿಯುವುದೂ ನಮಗೆ ಹೊಸತಲ್ಲ. ರಂಜಾನಿನ ಕೊನೆಯ ಹತ್ತು ದಿನ ಇತಿಕಾಫ್ ಕೂರುವವರು ಅಂಗಡಿ, ಮನೆವಾರ್ತೆ ಎಲ್ಲ ಬಿಟ್ಟು ಮಸೀದಿಯಲ್ಲಿ ಇರುತ್ತಾರೆ. ಮುಗಿಸಿಕೊಂಡು ಮತ್ತೆ ಅದೇ ಅಂಗಡಿಗೆ, ಅದೇ ಮನೆಗೆ ಮರಳುತ್ತಾರೆ.

ಫೋನನ್ನು ಎಸೆಯಿರಿ ಎಂದು ನಾವು ಹೇಳುತ್ತಿಲ್ಲ. ಹೇಳಿದರೆ ಅದು ಉಳ್ಳವರ ಮಾತಾದೀತು. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಫೋನ್ ಬೇಕು, ಒಟಿಪಿ ಬರುವುದು ಅದಕ್ಕೇ. ಗಲ್ಫ್‌ನಲ್ಲಿರುವ ಅಬ್ಬಾನ ಮುಖ ಕಾಣುವುದೂ ಅದರಲ್ಲೇ. ಕೆಲಸಕ್ಕೆ ನಾವು ಫೋನನ್ನು ಕರೆಯೋಣ, ಅದು ಕರೆದಾಗಲೆಲ್ಲ ನಾವು ಓಡುವುದು ಬೇಡ.

ಹಿರಿಯೂರಿನವರಿಗೆ ವಾಣಿ ವಿಲಾಸ ಸಾಗರದ ಕಥೆ ಗೊತ್ತು. 1933ರಲ್ಲಿ ಕೋಡಿ ಬಿದ್ದ ಅಣೆಕಟ್ಟು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಅಷ್ಟು ವರ್ಷ ಕಟ್ಟೆ ನಿಂತೇ ಇತ್ತು, ಅದಕ್ಕೇ ನೀರು ಬಂದಾಗ ನಿಂತಿತು. ಬಯಲುಸೀಮೆಯ ನಮಗೆ ನೀರು ಹಿಡಿದಿಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಗಮನವನ್ನು ಹಿಡಿದಿಡುವುದಕ್ಕೂ ದಿನಕ್ಕೊಂದು ಕಟ್ಟೆ ಬೇಕು.

ಈ ವರ್ಷದಿಂದ ಟ್ರಸ್ಟು ಮಾಡುವುದಿಷ್ಟು:

1. ವಿದ್ಯಾರ್ಥಿವೇತನದ ಪ್ರಕಟಣೆ ಕಾಗದದಲ್ಲಿ ಅಚ್ಚಾಗಿ ನಾಲ್ಕೂ ಊರುಗಳ ಮಸೀದಿಯ ಸೂಚನಾ ಫಲಕದಲ್ಲಿರುತ್ತದೆ. ಜುಮಾ ನಮಾಜಿನ ನಂತರ ಓದಿ ಹೇಳಲಾಗುತ್ತದೆ.

2. ಟ್ರಸ್ಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರಕಟಣೆ ಮಾತ್ರ. ಶುಭಾಶಯ, ಫಾರ್ವರ್ಡ್ ಇಲ್ಲ. ಮಗ್ರಿಬ್ ಮತ್ತು ಇಶಾ ನಡುವೆ ಟ್ರಸ್ಟಿನಿಂದ ಯಾವ ಸಂದೇಶವೂ ಬರುವುದಿಲ್ಲ.

3. ಕೊನೆಯ ದಿನಾಂಕದ ನಂತರ ಹದಿನೈದು ದಿನ ತಡವಾದ ಅರ್ಜಿಗಳನ್ನು ಕಾರಣ ಕೇಳಿ ಸ್ವೀಕರಿಸುತ್ತೇವೆ. ಅವರಿಗೆಂದು ಒಂದಷ್ಟು ಹಣ ಬೇರೆ ಇಡುತ್ತೇವೆ. ಹೊಸದುರ್ಗದ ಆ ಹುಡುಗಿಯ ಹೆಸರು ಈ ವರ್ಷದ ಪಟ್ಟಿಯಲ್ಲಿದೆ.

4. ಇದು ಷರತ್ತಲ್ಲ. ಯಾರ ಮನೆಯಲ್ಲಿ ಫೋನ್ ಇಟ್ಟರು, ಯಾರು ಇಡಲಿಲ್ಲ ಎಂದು ವಿಚಾರಿಸಿ ವಿದ್ಯಾರ್ಥಿವೇತನ ಕೊಡುವವರು ನಾವಲ್ಲ.

ತಾಯ್ತಂದೆಯರೇ, ಆ ಒಂದು ಗಂಟೆ ಮೊದಲು ನಿಮ್ಮ ಫೋನನ್ನು ಬೇರೆ ಕೋಣೆಯಲ್ಲಿಡಿ, ಮಗುವಿನದನ್ನು ಆಮೇಲೆ ಕೇಳಿ. ಒಂದೇ ಕೋಣೆಯ ಮನೆಯಾದರೆ ಟ್ರಂಕಿನ ಮೇಲೆ, ಅಕ್ಕಿ ಡಬ್ಬಿಯ ಹಿಂದೆ, ಕೈಗೆ ಎಟುಕದ ಕಡೆ ಇಟ್ಟರೆ ಸಾಕು. ಮಗು ಫೋನಿಲ್ಲದೆ ಊಟ, ನಿದ್ದೆ ಬಿಡುವಷ್ಟು ಒದ್ದಾಡುತ್ತಿದ್ದರೆ ಹೊಡೆಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕಾಗಿಯೇ 'ಶಟ್' ಎಂಬ ಕ್ಲಿನಿಕ್ ಇದೆ. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ.

ಮಕ್ಕಳೇ, ಮೊದಲ ವಾರ ಕೈ ಸುಮ್ಮನಿರುವುದಿಲ್ಲ, ಪುಸ್ತಕ ಬೇಸರ ತರಿಸುತ್ತದೆ. ಅದು ನಿಮ್ಮ ದಡ್ಡತನವಲ್ಲ. ಕೂತಿರಿ. ಒಂದು ಲೆಕ್ಕ ಪೂರ್ತಿ ಮುಗಿಯುವವರೆಗೆ ಕೂತಿರಿ.

ದಾನಿಗಳೇ, ನಿಮ್ಮ ಹಣ ಶುಲ್ಕ ಕಟ್ಟಬಲ್ಲದು, ಪುಸ್ತಕ ಕೊಡಿಸಬಲ್ಲದು. ಓದುವ ಹೊತ್ತನ್ನು ಕೊಡಿಸಲಾರದು. ಅದನ್ನು ನಿಮ್ಮ ನಮ್ಮ ಮನೆಗಳೇ ಕೊಡಬೇಕು. ಇವತ್ತು ಸಭೆ ಮುಗಿಯುವಾಗ ಮಗ್ರಿಬ್ ಆಗುತ್ತದೆ. ಇವತ್ತಿನಿಂದಲೇ ಶುರು ಮಾಡೋಣ.

ಅಲ್ಲಾಹನು ನಮ್ಮ ಮಕ್ಕಳ ಓದಿನಲ್ಲಿ, ನಮ್ಮ ಸಮಯದಲ್ಲಿ ಬರಕತ್ ನೀಡಲಿ. ಆಮೀನ್.