ಹವಾಮಾನಕ್ಕೆ ಒಳಪಟ್ಟು

ರೈಲಿನ ವೇಳಾಪಟ್ಟಿಗೂ ಹಡಗಿನ ವೇಳಾಪಟ್ಟಿಗೂ ಒಂದು ವ್ಯತ್ಯಾಸವುಂಟು. ರೈಲು ತಡವಾದರೆ ಯಾರನ್ನಾದರೂ ದೂರಿ ಸಮಾಧಾನ ಪಡೆಯಬಹುದು. ಹಡಗಿನ ಪಟ್ಟಿಯ ಕೆಳಗೆ, ಕನ್ನಡಕ ಹುಡುಕಿ ಓದಬೇಕಾದಷ್ಟು ಸಣ್ಣ ಅಕ್ಷರಗಳಲ್ಲಿ, ‘ಹವಾಮಾನಕ್ಕೆ ಒಳಪಟ್ಟು’ ಎಂಬ ಎರಡು ಪದಗಳಿರುತ್ತವೆ. ವಿಹಾರಕ್ಕೆ ಹೊರಟವರು ಅವನ್ನು ಓದುವುದಿಲ್ಲ. ದ್ವೀಪದಲ್ಲಿ ಬಾಳುವವರು ಮೊದಲು ಅವನ್ನೇ ಓದುತ್ತಾರೆ. ಈ ಎರಡು ಬಗೆಯ ಓದುಗರ ನಡುವೆ ನಾನೂ ನನ್ನ ಪತ್ನಿಯೂ 2018ರ ಡಿಸೆಂಬರಿನಲ್ಲಿ ಐದು ದಿನ ಕಳೆದೆವು. ಲಕ್ಷದ್ವೀಪದ ಆ ನೌಕಾವಿಹಾರದ ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಪ್ರವಾಸದ ಆಸೆ ಹುಟ್ಟಿದ್ದು ನನ್ನಲ್ಲಲ್ಲ, ನನ್ನಾಕೆಯಲ್ಲಿ. ಆಕೆಯ ತವರು ಮಂಗಳೂರಿನ ಬಂದರು ಪ್ರದೇಶ. ಹಾಯಿ ಬಿಚ್ಚಿದ ಓಡಗಳು ದ್ವೀಪಗಳಿಂದ ತೆಂಗಿನ ನಾರು, ಕೊಬ್ಬರಿಗಳನ್ನು ತಂದಿಳಿಸಿ, ಅಕ್ಕಿಯ ಮೂಟೆಗಳನ್ನು ಹೇರಿಕೊಂಡು ಮರಳುತ್ತಿದ್ದುದನ್ನು ಆಕೆ ಬಾಲ್ಯದಲ್ಲಿ ಕಂಡವಳು. ಈ ನಂಟು ಹಳೆಯದು. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಐದು ದ್ವೀಪಗಳ ಅಮೀನ್‌ದೀವಿ ಸಮೂಹವು ಟಿಪ್ಪು ಸುಲ್ತಾನನ ಆಳ್ವಿಕೆಗೆ ಸೇರಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ವಶವಾಯಿತು. ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮಂಗಳೂರಿನಿಂದಲೇ ಅದರ ಆಡಳಿತ ನಡೆಯಿತು. 1956ರ ನವೆಂಬರ್ 1ರಂದು ಎಲ್ಲ ದ್ವೀಪಗಳೂ ಕೂಡಿ ಕೇಂದ್ರಾಡಳಿತ ಪ್ರದೇಶವಾದವು. ಲಕ್ಷದ್ವೀಪವೆಂಬ ಹೆಸರು ಬಂದದ್ದು 1973ರಲ್ಲಿ. ನಾವು ರಾಜ್ಯೋತ್ಸವ ಆಚರಿಸುವ ದಿನವೇ ನಮ್ಮ ಒಂದು ಜಿಲ್ಲೆಯಿಂದ ಐದು ದ್ವೀಪಗಳು ಬೇರೆಯಾದವೆಂಬುದು ಎಷ್ಟು ಮಂದಿಗೆ ನೆನಪಿದೆಯೋ!

ನಮ್ಮ ವಿಹಾರದ ಪಟ್ಟಿಯಲ್ಲಿದ್ದವು ಆ ದ್ವೀಪಗಳಲ್ಲ. ಕಲ್ಪೇನಿ, ಮಿನಿಕಾಯ್ ಮತ್ತು ಕವರತ್ತಿ. ರಾತ್ರಿ ಹಡಗಿನಲ್ಲಿ ಮಲಗುವುದು, ಹಗಲು ಒಂದೊಂದು ದ್ವೀಪದಲ್ಲಿಳಿದು ಸಂಜೆಗೆ ಹಿಂದಿರುಗುವುದು, ಇದು ಏರ್ಪಾಡು. ನನ್ನಾಕೆಯ ಮನಸ್ಸು ನೆಟ್ಟಿದ್ದು ಮಿನಿಕಾಯ್‌ನಲ್ಲಿ. ಉಳಿದ ದ್ವೀಪಗಳ ಜನ ಮಲಯಾಳದ ಒಂದು ಬಗೆಯನ್ನು ಆಡಿದರೆ, ಅಲ್ಲಿಯವರ ಮಾತು ಮಾಲ್ದೀವಿನ ಭಾಷೆಗೆ ಸೇರಿದ ಮಹಲ್. ಅಲ್ಲಿಯ ಗಂಡಸರು ತಲೆಮಾರುಗಳಿಂದ ದೂರದೇಶಗಳ ಹಡಗುಗಳಲ್ಲಿ ದುಡಿದವರು. ಅಲ್ಲಿ 1885ರಲ್ಲಿ ಕಟ್ಟಿದ ದೀಪಸ್ತಂಭವೊಂದಿದೆ. “ಅದರ ಮೆಟ್ಟಿಲು ಹತ್ತುವಷ್ಟು ಮೊಣಕಾಲು ಇನ್ನೂ ಗಟ್ಟಿಯಿದೆ, ಈಗಲೇ ಹೋಗೋಣ” ಎಂಬುದು ಆಕೆಯ ವಾದ. ಆ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಕೊಚ್ಚಿಯ ವಿಲಿಂಗ್ಡನ್ ದ್ವೀಪದಿಂದ ಹಡಗು ಹೊರಟಾಗ ಆಕಾಶ ತಿಳಿಯಾಗಿಯೇ ಇತ್ತು. ಆದರೆ ಆಕಾಶ ನೋಡಿ ಕಡಲನ್ನು ಅಳೆಯಲಾಗದು. ಅಲೆಗಳಲ್ಲಿ ಎರಡು ಜಾತಿ. ಮೇಲೆ ಬೀಸುವ ಗಾಳಿಯೇ ಎಬ್ಬಿಸುವ ಗಿಡ್ಡ ಅಲೆಗಳು ಒಂದು. ನೂರಾರು ಹರದಾರಿ ಆಚೆ ಎದ್ದ ಬಿರುಗಾಳಿಯಿಂದ ಹೊರಟು, ಗಾಳಿಯನ್ನು ಹಿಂದೆ ಬಿಟ್ಟು, ಉದ್ದುದ್ದವಾಗಿ ಉರುಳಿ ಬರುವ ತೆರೆಗಳು ಇನ್ನೊಂದು. ಎರಡನೆಯವು ಬಿಸಿಲಿನಲ್ಲೂ ಬರುತ್ತವೆ. ಅಂದು ರಾತ್ರಿ ಅವು ಬಂದವು. ಬೆನ್ನಿಗೇ ಗಾಳಿಯೂ ಬಂತು.

ಕಡಲುಬೇನೆ ಹೊಟ್ಟೆಯ ರೋಗವೆಂದು ನಾವು ತಿಳಿಯುತ್ತೇವೆ. ಅದು ಹುಟ್ಟುವುದು ಕಣ್ಣು, ಕಿವಿಗಳ ಜಗಳದಿಂದ. ಕೋಣೆಯೊಳಗಿದ್ದಾಗ ಗೋಡೆ ನಿಶ್ಚಲವಾಗಿದೆಯೆಂದು ಕಣ್ಣು ಹೇಳುತ್ತದೆ. ಮೈ ತೂಗುತ್ತಿದೆಯೆಂದು ಒಳಗಿವಿ ಹೇಳುತ್ತದೆ. ಇಬ್ಬರ ಸಾಕ್ಷ್ಯ ಹೊಂದದಿದ್ದಾಗ ದಂಡ ತೆರುವುದು ಹೊಟ್ಟೆ. ಹೊರಗೆ ನಿಂತು ದಿಗಂತವನ್ನು ನೋಡಿದರೆ ವಾಸಿಯೆನ್ನುವುದು ಇದಕ್ಕಾಗಿ. ಶಿರಾಡಿ ಘಾಟಿಯ ಪ್ರತಿ ತಿರುವಿಗೂ ನಿಂಬೆಹಣ್ಣು ಮೂಸುವ ನನ್ನಾಕೆ ಅಂದು ಕಟಕಟೆ ಹಿಡಿದು ನಗುತ್ತಾ ನಿಂತಿದ್ದಳು; ಘಾಟಿಯಲ್ಲಿ ಆಕೆಯನ್ನು ಹಾಸ್ಯ ಮಾಡುವ ನಾನು ಹಾಸಿಗೆ ಹಿಡಿದಿದ್ದೆ. ನಿಂಬೆಹಣ್ಣು ಈ ಸಲ ನನ್ನ ಕೈಗೆ ಬಂತು.

ಮರುದಿನ ಕಲ್ಪೇನಿ. ಹಡಗು ದ್ವೀಪಕ್ಕೆ ತಾಗಿ ನಿಲ್ಲುವುದಿಲ್ಲ. ಹವಳದ ದಿಬ್ಬದ ಹೊರಗೆ ಆಳನೀರಿನಲ್ಲಿ ನಿಲ್ಲುತ್ತದೆ. ದೋಣಿಗಳು ಬಂದು ಜನರನ್ನು ಇಳಿಸಿಕೊಳ್ಳುತ್ತವೆ. ದಿಬ್ಬವನ್ನು ದಾಟಿ ಲಗೂನ್ ಎನ್ನುವ ಆಳವಿಲ್ಲದ ಹಸಿರುನೀಲಿ ನೀರನ್ನು ಹೊಕ್ಕೊಡನೆ ಕುಲುಕಾಟ ನಿಂತುಹೋಯಿತು. ಮುಳುಗುತ್ತಿರುವ ಅಗ್ನಿಪರ್ವತದ ಸುತ್ತ ಹವಳದ ಹುಳುಗಳು ಬೆಳೆಯುತ್ತಾ ಹೋಗಿ ಇಂತಹ ಬಳೆಯಾಕಾರದ ದಿಬ್ಬಗಳಾದವೆಂದು ಡಾರ್ವಿನ್ 1842ರಲ್ಲಿಯೇ ಬರೆದಿದ್ದಾನೆ. ಬೆರಳ ತುದಿಗಿಂತ ಚಿಕ್ಕ ಜೀವಿಗಳು ಕಟ್ಟಿದ ಆ ಗೋಡೆಗೆ ಬಡಿದು ಸಮುದ್ರವು ನೊರೆಯಾಗುವುದನ್ನು ಒಳಗಿನ ಶಾಂತಜಲದಿಂದ ನೋಡುವುದು ಒಂದು ಭಾಗ್ಯ.

ಆದರೆ ಆ ಗೋಡೆಯೂ ಸೋಲುವುದುಂಟು. ಕಲ್ಪೇನಿಯ ಮೂಡಣ ತೀರದುದ್ದಕ್ಕೂ ಹವಳದ ಕಲ್ಲುಚೂರುಗಳ ದೊಡ್ಡ ಒಡ್ಡು ಬಿದ್ದಿದೆ. 1847ರ ಮಹಾ ಬಿರುಗಾಳಿ ಎಸೆದು ಹೋದದ್ದಂತೆ. ನಾವು ಹೋಗುವ ಒಂದು ವರ್ಷದ ಹಿಂದೆ, 2017ರ ಡಿಸೆಂಬರ್ ಮೊದಲಲ್ಲಿ, ಓಖಿ ಚಂಡಮಾರುತ ಇದೇ ಕಲ್ಪೇನಿಯ ಮೇಲೂ ಮಿನಿಕಾಯ್‌ನ ಮೇಲೂ ಎರಗಿ ತೆಂಗಿನ ಮರಗಳನ್ನು ಉರುಳಿಸಿತ್ತು. ಎಳನೀರು ಕೊಟ್ಟ ಮುದುಕರು ಬುಡ ಕಿತ್ತ ಮರಗಳನ್ನು ತೋರಿಸಿ ಏನನ್ನೂ ಹೇಳಲಿಲ್ಲ.

ಆ ರಾತ್ರಿ ಒಂಬತ್ತು ಡಿಗ್ರಿ ಕಾಲುವೆಯನ್ನು ದಾಟಬೇಕಿತ್ತು. ಕಾಲುವೆಯೆಂದರೆ ನಮ್ಮ ವಿಶ್ವೇಶ್ವರಯ್ಯ ಕಾಲುವೆಯಂತಲ್ಲ. ಅಕ್ಷಾಂಶದ ಹೆಸರು ಹೊತ್ತು, ಮಿನಿಕಾಯ್‌ಯನ್ನು ಉಳಿದ ದ್ವೀಪಗಳಿಂದ ಸುಮಾರು 200 ಕಿಲೋಮೀಟರ್ ಬೇರ್ಪಡಿಸುವ ತೆರೆದ ಕಡಲು. ಬೆಳಗಾದಾಗ ದೂರದಲ್ಲಿ ತೆಂಗಿನ ಸಾಲು, ಅದರ ಮೇಲೆ ಬಿಳಿಯ ದೀಪಸ್ತಂಭ ಕಂಡವು. ನಡುವೆ ಇದ್ದದ್ದು ಎದ್ದು ಬೀಳುವ ನೀರು. ದೋಣಿಯೊಂದು ಹತ್ತಿರ ಬಂದು, ಎರಡು ಬಾರಿ ಪ್ರಯತ್ನಿಸಿ, ಹಿಂದೆ ಸರಿಯಿತು. ಕಾಯಬೇಕೆಂದು ಧ್ವನಿವರ್ಧಕ ಹೇಳಿತು.

ಕಾಯುವಾಗಲೇ ಹಡಗಿನಲ್ಲಿ ಎರಡು ಲೋಕಗಳಿವೆಯೆಂದು ತಿಳಿದದ್ದು. ಮೇಲಿನ ಅಂತಸ್ತಿನಲ್ಲಿ ನಾವು, ವಿಹಾರಿಗಳು. ಕೆಳಗಿನ ಅಂತಸ್ತಿನ ಸಾಲುಹಾಸಿಗೆಗಳಲ್ಲಿ ಮನೆಗೆ ಹೊರಟ ದ್ವೀಪವಾಸಿಗಳು. ಕೊಚ್ಚಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ವೃದ್ಧರೊಬ್ಬರು, ರಜೆಗೆ ಹೊರಟ ವಿದ್ಯಾರ್ಥಿಗಳು, ಬಾಣಂತನ ಮುಗಿಸಿ ತಿಂಗಳಿನ ಕೂಸಿನೊಡನೆ ಮರಳುತ್ತಿದ್ದ ಒಬ್ಬ ತರುಣಿ. ಆಗ ಲಕ್ಷದ್ವೀಪದಲ್ಲಿ ವಿಮಾನ ನಿಲ್ದಾಣವಿದ್ದುದು ಅಗತ್ತಿಯೊಂದರಲ್ಲಿ. ತೀರ ಕಷ್ಟದ ರೋಗಿಗೆ ಹೆಲಿಕಾಪ್ಟರ್ ಬರುತ್ತಿತ್ತು. ಉಳಿದವರಿಗೆ ಹಡಗೇ ಗತಿ. ನನ್ನಾಕೆ ಬಂದರಿನಲ್ಲಿ ಕಲಿತ ಮಲಯಾಳದಲ್ಲಿ ಆ ತರುಣಿಯನ್ನು ಮಾತನಾಡಿಸಿದಳು. ಗಂಡ ಕೂಸಿನ ಮುಖ ಕಂಡಿಲ್ಲವಂತೆ. ಆತ ಟ್ಯೂನ ಮೀನು ಹಿಡಿಯುವವನು, ಬೆಳಗಿನಿಂದ ಕಟ್ಟೆಯಲ್ಲಿ ನಿಂತಿದ್ದಾನಂತೆ. “ಇಂದು ಇಳಿಯಲಾಗದಿದ್ದರೆ?” ಎಂದು ನನ್ನಾಕೆ ಕೇಳಿದಳು. “ಕವರತ್ತಿಯಲ್ಲಿ ನಂಟರಿದ್ದಾರೆ ಅಮ್ಮಾ, ಮುಂದಿನ ಹಡಗಿನವರೆಗೆ ಅಲ್ಲಿರುತ್ತೇನೆ” ಎಂದಳಾಕೆ. ಮುಂದಿನ ಹಡಗು ಯಾವಾಗ ಎಂಬುದನ್ನು ಆಕೆಯೂ ಹೇಳಲಿಲ್ಲ, ನನ್ನಾಕೆಯೂ ಕೇಳಲಿಲ್ಲ.

ಮೇಲಿನ ಅಂತಸ್ತಿನಲ್ಲಿ ನಮ್ಮವರ ಮಾತು ಬೇರೆಯಾಗಿತ್ತು. ಕೊಟ್ಟ ಹಣವೆಷ್ಟು, ಕಾಣದ ದ್ವೀಪದ ಬಾಬ್ತು ಎಷ್ಟು ಹಿಂದಿರುಗಬೇಕು ಎಂಬ ಲೆಕ್ಕ ನಡೆದಿತ್ತು. ಲೆಕ್ಕ ತಪ್ಪೆಂದು ಹೇಳಲಾರೆ. ದುಡಿದ ಹಣ ಎಲ್ಲರಿಗೂ ದೊಡ್ಡದೇ. ಆದರೆ ಆ ತೆರೆ ನಮ್ಮಿಂದ ಕಸಿದುಕೊಳ್ಳುವುದು ಒಂದು ನೋಟವನ್ನು. ಕೆಳಗಿನವರಿಂದ ಕಸಿದುಕೊಳ್ಳುವುದು ಮನೆಯನ್ನು. ಈ ಭೇದವನ್ನು ಯಾವ ರಸೀದಿಯೂ ಬರೆದು ತೋರಿಸುವುದಿಲ್ಲ.

ಮಧ್ಯಾಹ್ನ ಗಾಳಿ ಸ್ವಲ್ಪ ತಗ್ಗಿತು. ಎರಡು ದೋಣಿಗಳು ಬಂದವು. ದ್ವೀಪವಾಸಿಗಳು ಮಾತ್ರ ಇಳಿಯಬಹುದು, ಪ್ರವಾಸಿಗಳಿಗೆ ಅಪ್ಪಣೆಯಿಲ್ಲ ಎಂದು ಅಧಿಕಾರಿಗಳು ಸಾರಿದರು. ಸಂಜೆ ಮತ್ತೆ ಅಲೆ ಎದ್ದರೆ ನಮ್ಮನ್ನು ಹತ್ತಿಸಿಕೊಳ್ಳುವ ಬಗೆಯೆಂತು? ನ್ಯಾಯವಾದ ಮಾತು. ಆದರೂ ಗಲಾಟೆಯಾಯಿತು. ಮಿನಿಕಾಯ್‌ಗಾಗಿ ಎಲ್ಲರಿಗಿಂತ ಹೆಚ್ಚು ಕಾಲ ಕಾದಿದ್ದವಳು ನನ್ನಾಕೆ. ಆಕೆ ಆ ಗಲಾಟೆಯಲ್ಲಿರಲಿಲ್ಲ. ಕೆಳಗಿನ ಬಾಗಿಲ ಬಳಿ ಆ ತರುಣಿಯ ಗಂಟುಗಳನ್ನು ಹಿಡಿದು ನಿಂತಿದ್ದಳು.

ಹಡಗಿನ ಮಗ್ಗುಲಿನ ಬಾಗಿಲಿಗೆ ದೋಣಿ ಒಮ್ಮೆ ಸಮನಾಗಿ ಏರುತ್ತದೆ, ಮರುಕ್ಷಣ ಆಳುದ್ದ ಇಳಿಯುತ್ತದೆ. ಏರಿ ನಿಂತ ಒಂದು ಗಳಿಗೆಯಲ್ಲಿ ಕಾಲಿಡಬೇಕು. ಅಂಬಿಗರು ತೋಳು ಹಿಡಿದು ಸೆಳೆದುಕೊಳ್ಳುತ್ತಾರೆ. ಮುಂಚೆಯೂ ಇಲ್ಲ, ತಡವೂ ಇಲ್ಲ. ವೃದ್ಧರು ದಾಟಿದರು. ತರುಣಿ ದಾಟಿದಳು. ಕೂಸು ಇನ್ನೂ ಹಡಗಿನ ನೌಕರನ ಕೈಯಲ್ಲಿತ್ತು. ದೋಣಿ ಇಳಿಯಿತು, ಅವನು ಅಲುಗಲಿಲ್ಲ. ಮತ್ತೆ ಏರಿತು, ಓರೆಯಾಯಿತು, ಅವನು ಕೊಡಲಿಲ್ಲ. ಮೂರನೆಯ ಸಲ ಅಂಬಿಗ ಒಂದು ಮಾತು ಕೂಗಿದ. ಬಟ್ಟೆ ಸುತ್ತಿದ ಆ ಜೀವ ಕೈಯಿಂದ ಕೈಗೆ ಹೋಯಿತು. ನನ್ನಾಕೆ ಗಂಟುಗಳನ್ನು ಒಂದೊಂದಾಗಿ ನೀಡಿದಳು. ದೋಣಿ ದಿಬ್ಬದ ಬಾಯಿಯನ್ನು ಹೊಕ್ಕು ಮರೆಯಾಗುವವರೆಗೂ ಬಾಗಿಲು ಬಿಟ್ಟು ಸರಿಯಲಿಲ್ಲ.

ಕತ್ತಲಾದ ಮೇಲೆ ಹಡಗು ಉತ್ತರಕ್ಕೆ ತಿರುಗಿತು. ದೀಪಸ್ತಂಭದ ಬೆಳಕು ನಿಯಮದಂತೆ ಬೀಸಿ ಬೀಸಿ ಹೋಗುತ್ತಿತ್ತು. “ಮೆಟ್ಟಿಲು ಹತ್ತಲಾಗಲಿಲ್ಲವಲ್ಲ” ಎಂದೆ. “ಅದು ಹತ್ತುವುದಕ್ಕೆ ಕಟ್ಟಿದ್ದೇ? ದೂರದಿಂದ ನೋಡುವುದಕ್ಕೆ ತಾನೇ” ಎಂದಳು. ಸಮಾಧಾನಕ್ಕೆ ಹೇಳಿದಳೋ, ನಿಜವಾಗಿ ಹಾಗೆನಿಸಿತೋ, ನಾನು ಕೆದಕಲಿಲ್ಲ.

ಕವರತ್ತಿಯಲ್ಲಿ ಕಡಲು ಮಗುವಿನಂತೆ ಮಲಗಿತ್ತು. ಉಜ್ರಾ ಮಸೀದಿಯ ಮರದ ಚಾವಣಿಯ ಕೆತ್ತನೆಯನ್ನು ಕಂಡೆವು. 2005ರಿಂದ, ಆಳದ ತಣ್ಣೀರಿನ ನೆರವಿನಿಂದ ಕಡಲನೀರನ್ನೇ ದಿನಕ್ಕೆ 1 ಲಕ್ಷ ಲೀಟರಿನಷ್ಟು ಕುಡಿಯುವ ನೀರಾಗಿಸುತ್ತಿದ್ದ ಸ್ಥಾವರದ ವಿಷಯ ಕೇಳಿದೆವು. ಸುತ್ತ ಎಲ್ಲೆಲ್ಲೂ ನೀರಿದ್ದು ಕುಡಿಯಲು ಇಲ್ಲದ ಜನರಿಗೆ ಇದು ಸಣ್ಣ ವರವಲ್ಲ.

ವಿಹಾರದಲ್ಲಿ ಹವಾಮಾನ ಕೆಟ್ಟಿತೆಂದು ನಾವು ಹೇಳುತ್ತೇವೆ. ನಮ್ಮ ಐದು ದಿನಗಳಿಗೆ ಅದು ಕೆಟ್ಟದ್ದು. ಅವರಿಗೆ ಅದು ವರ್ಷವರ್ಷದ ನೆರೆಮನೆ. ಮಳೆಗಾಲದಲ್ಲಿ ವಿಹಾರಿಗಳು ದೂರವಾದ ಮೇಲೂ ಅದೇ ಕಡಲಿನ ಮೇಲೆಯೇ ಅವರ ಔಷಧಿ, ಅಕ್ಕಿ, ಮಕ್ಕಳು ಬರಬೇಕು. ಅತಿಥಿಯಾಗಿ ಹೋದವನು ಮನೆಯವರಿಗೆ ಮೊದಲು ದಾರಿ ಬಿಡುವುದು ಭೂಮಿಯ ಮೇಲಿನ ಮರ್ಯಾದೆ; ನೀರಿನ ಮೇಲೆ ಅದು ಇನ್ನಷ್ಟು ಸಲ್ಲುತ್ತದೆ.

ಎಷ್ಟು ದ್ವೀಪ ನೋಡಿದಿರೆಂದು ಯಾರಾದರೂ ಕೇಳಿದರೆ ನಾನು ಎರಡೆನ್ನುತ್ತೇನೆ. ನನ್ನಾಕೆ ಒಳಗಿನಿಂದಲೇ ಮೂರೆಂದು ತಿದ್ದುತ್ತಾಳೆ.