ಬಜ್ಪೆಯ ರನ್‌ವೇ, ದೋಹಾದ ಪರವಾನಗಿ



1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದು ಬಜ್ಪೆಯ ನಿಲ್ದಾಣವನ್ನು ಉದ್ಘಾಟಿಸಿದರು. ಗುಡ್ಡದ ನೆತ್ತಿಯ ಆ ಹಳೆಯ ರನ್‌ವೇಯ ಉದ್ದ 1,615 ಮೀಟರ್. ಡಕೋಟಾ, ಆವ್ರೊ, ಬಳಿಕ ಬೋಯಿಂಗ್ 737: ಕರಾವಳಿಯ ಹಿರಿಯರಲ್ಲಿ ಈ ಹೆಸರುಗಳು ಇಂದಿಗೂ ಹಸಿರಾಗಿವೆ.

ಆದರೆ ಈ ನೆನಪು ಯಾರದು? ಕತಾರಿಗೆ ದುಡಿಯಲು ಹೊರಟ ಬ್ಯಾರಿ, ಬಿಲ್ಲವ, ಕ್ರೈಸ್ತ ತರುಣರಲ್ಲಿ ಹೆಚ್ಚಿನವರಿಗೆ ಬಜ್ಪೆಯ ವಿಮಾನವೆಂದರೆ ತಲೆಯ ಮೇಲೆ ಹಾದುಹೋಗುವ ಸದ್ದು ಮಾತ್ರ. ಅವರು ರಾತ್ರಿ ಬಸ್ಸಿನಲ್ಲಿ ಮುಂಬಯಿ ಸೇರಿ, ಅಲ್ಲಿಂದ ಹಾರಬೇಕಿತ್ತು. 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಂದಿತು. ಅದೇ ವರ್ಷ ದುಬೈಗೆ ನೇರ ವಿಮಾನವೂ ಆರಂಭವಾಯಿತು.

ಕೊಲ್ಲಿಯ ಹಾದಿ ಹತ್ತಿರವಾಯಿತು, ಮರಳುವ ಹಕ್ಕು ಹತ್ತಿರವಾಗಲಿಲ್ಲ. ಕಫಾಲಾ ಪದ್ಧತಿಯಡಿ ಕತಾರಿನ ಕಾರ್ಮಿಕನು, ಊರಿನಲ್ಲಿ ತಾಯಿ ತೀರಿಕೊಂಡರೂ, ಮಾಲೀಕನ ಒಪ್ಪಿಗೆಯ ನಿರ್ಗಮನ ಪರವಾನಗಿಯಿಲ್ಲದೆ ದೇಶ ಬಿಡುವಂತಿರಲಿಲ್ಲ. ಬಹುಪಾಲು ಕಾರ್ಮಿಕರಿಗೆ ಅದು ರದ್ದಾದದ್ದು 2018ರಲ್ಲಿ, ಮನೆಗೆಲಸದವರಿಗೆ 2020ರಲ್ಲಿ.

ಬಜ್ಪೆಯ ಚರಿತ್ರೆ ಬರೆಯುವವರು ಹಳೆಯ ವಿಮಾನಗಳ ಜೊತೆಗೆ, ಟಿಕೆಟ್ ಕೈಯಲ್ಲಿದ್ದೂ ಪರವಾನಗಿಗಾಗಿ ಕಾದವರ ಸಾಕ್ಷ್ಯವನ್ನೂ ದಾಖಲಿಸಬೇಕು. ಅವರಲ್ಲಿ ಅನೇಕರು ಇಂದಿಗೂ ದೋಹಾದಲ್ಲಿದ್ದಾರೆ, ಕೇಳಿದರೆ ಹೇಳುತ್ತಾರೆ.